ಪರೀಕ್ಷೆ ಯಾರ ಮೇಲೆ, ಔಷಧ ಯಾರಿಗೆ?

ಯಾವುದೇ ಹೊಸ ಔಷಧ ಬಳಕೆಗೆ ಬರುವ ಮೊದಲು ಮನುಷ್ಯರ ಮೇಲೆ ಅದರ ಪರೀಕ್ಷೆ ನಡೆಯಬೇಕು. ವೈದ್ಯರು ಕ್ಲಿನಿಕಲ್ ಟ್ರಯಲ್ ಎಂದು ಕರೆಯುವುದು ಇದನ್ನೇ. ಕ್ಯಾನ್ಸರ್ ಔಷಧವಾದರೆ ಮೊದಲ ಹಂತದಲ್ಲಿ ಕೆಲವೇ ರೋಗಿಗಳಿಗೆ ಕೊಟ್ಟು, ದೇಹ ಎಷ್ಟು ಪ್ರಮಾಣವನ್ನು ತಾಳಬಲ್ಲದು ಎಂದು ನೋಡುತ್ತಾರೆ. ಎರಡನೆಯ ಹಂತದಲ್ಲಿ ಗಡ್ಡೆ ಕುಗ್ಗುತ್ತದೆಯೇ ಎಂದು ಪರಿಶೀಲಿಸುತ್ತಾರೆ. ಮೂರನೆಯ ಹಂತದಲ್ಲಿ ನೂರಾರು ರೋಗಿಗಳನ್ನು ಸೇರಿಸಿಕೊಂಡು, ಈಗಿರುವ ಚಿಕಿತ್ಸೆಗಿಂತ ಹೊಸದು ಮೇಲೋ ಅಲ್ಲವೋ ಎಂದು ಹೋಲಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಕೈಗೆ ಸಿಗುವುದು ಒಂದು ಸರಾಸರಿ. ಆ ಸರಾಸರಿ ಯಾರದು?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಪಾತ್ರೆಯಲ್ಲಿ ಒಂದೇ ಬಗೆಯ ಅಕ್ಕಿ ಇದ್ದರೆ ಆ ಮಾತು ನಿಜ. ಎರಡು ಮೂರು ಬಗೆ ಬೆರೆತಿದ್ದರೆ ಒಂದು ಅಗುಳು ಉಳಿದವುಗಳ ಸಾಕ್ಷಿ ಹೇಳಲಾರದು. ಔಷಧ ಪರೀಕ್ಷೆಯಲ್ಲಿ ಆಗುತ್ತಿರುವ ತೊಡಕು ಇದೇ.

ಅಮೆರಿಕದ ಒಂದು ಉದಾಹರಣೆ ನೋಡಿ. ಮಲ್ಟಿಪಲ್ ಮೈಲೋಮಾ ಎಂಬುದು ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್. ಅಲ್ಲಿ ಇದಕ್ಕೆ ತುತ್ತಾಗುವ ಐವರಲ್ಲಿ ಸುಮಾರು ಒಬ್ಬರು ಆಫ್ರಿಕಾ ಮೂಲದವರು. ಈ ರೋಗಕ್ಕೆಂದು 2015ರಲ್ಲಿ ಅನುಮತಿ ಪಡೆದ ಇಕ್ಸಾಜೋಮಿಬ್ ಎಂಬ ಔಷಧದ ಪರೀಕ್ಷೆಯಲ್ಲಿದ್ದ 722 ರೋಗಿಗಳಲ್ಲಿ ಆಫ್ರಿಕಾ ಮೂಲದವರು 13 ಮಂದಿ ಮಾತ್ರ. ಅಂದರೆ ನೂರಕ್ಕೆ ಇಬ್ಬರೂ ಇಲ್ಲ. ಸರ್ಕಾರದ ಹಣದಿಂದ ನಡೆಯುವ ಸಂಶೋಧನೆಯಲ್ಲಿ ಅಲ್ಪಸಂಖ್ಯಾತ ಜನಾಂಗಗಳನ್ನು ಸೇರಿಸಿಕೊಳ್ಳಬೇಕೆಂದು 1993ರಲ್ಲೇ ಕಾನೂನು ಮಾಡಿದ ದೇಶದ ಸ್ಥಿತಿ ಇದು.

ವಂಶವಾಹಿಯ ಪಾತ್ರ

ಮನುಷ್ಯರೆಲ್ಲ ಒಂದೇ ಅಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಂದೇ ನಿಜ. ಚರ್ಮದ ಬಣ್ಣ ಔಷಧದ ಗುಣವನ್ನು ಬದಲಿಸುವುದಿಲ್ಲ. ಆದರೆ ಔಷಧವನ್ನು ಒಡೆಯುವ ಕಿಣ್ವಗಳನ್ನು ರೂಪಿಸುವ ವಂಶವಾಹಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಕೆಲವು ವ್ಯತ್ಯಾಸಗಳು ಒಂದು ಭೂಭಾಗದ ಜನರಲ್ಲಿ ಹೆಚ್ಚು, ಇನ್ನೊಂದು ಭಾಗದವರಲ್ಲಿ ಅಪರೂಪ.

ಫ್ಲೋರೊಯುರಾಸಿಲ್ ಎಂಬ ಔಷಧವನ್ನೇ ತೆಗೆದುಕೊಳ್ಳಿ. ದೊಡ್ಡ ಕರುಳು, ಜಠರ ಮೊದಲಾದ ಕ್ಯಾನ್ಸರ್‌ಗಳಿಗೆ ಇದನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ದೇಹಕ್ಕೆ ಸೇರಿದ ಈ ಔಷಧದ ನೂರಕ್ಕೆ ಎಂಬತ್ತು ಪಾಲನ್ನು ಡಿಪಿಡಿ ಎಂಬ ಕಿಣ್ವ, ಮುಖ್ಯವಾಗಿ ಯಕೃತ್ತಿನಲ್ಲಿ, ಒಡೆದುಹಾಕುತ್ತದೆ. ಕಿಣ್ವ ದುರ್ಬಲವಾಗಿದ್ದರೆ ಔಷಧ ದೇಹದಲ್ಲೇ ಉಳಿದು ವಿಷವಾಗುತ್ತದೆ. ಬಾಯಿ ಹುಣ್ಣು, ನಿಲ್ಲದ ಭೇದಿ ಕಾಣಿಸಿಕೊಂಡು, ಬಿಳಿ ರಕ್ತಕಣಗಳು ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಆದ್ದರಿಂದ ಚಿಕಿತ್ಸೆಗೆ ಮೊದಲೇ ಈ ಕಿಣ್ವದ ಪರೀಕ್ಷೆ ಮಾಡಿಸಬೇಕೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ಆದರೆ ಅಲ್ಲಿ ಸಾಮಾನ್ಯವಾಗಿ ಹುಡುಕುವ ನಾಲ್ಕು ವಂಶವಾಹಿ ಬದಲಾವಣೆಗಳು ಗೊತ್ತಾದದ್ದು ಬಹುಪಾಲು ಯುರೋಪ್ ಮೂಲದವರ ಅಧ್ಯಯನದಿಂದ. ಆಫ್ರಿಕಾ ಮೂಲದ ಕೆಲವರಲ್ಲಿ ಕಿಣ್ವವನ್ನು ಕುಗ್ಗಿಸುವ ಬದಲಾವಣೆ ಬೇರೆಯೇ ಇದೆ. ನಾಲ್ಕನ್ನು ಮಾತ್ರ ಹುಡುಕಿದರೆ ಅಂಥವರ ವರದಿಯಲ್ಲಿ 'ದೋಷವಿಲ್ಲ' ಎಂದೇ ಬರುತ್ತದೆ.

ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ಮರ್ಕಾಪ್ಟೊಪ್ಯೂರಿನ್ ಮಾತ್ರೆಯದೂ ಇಂಥದೇ ಕಥೆ. ಟಿಪಿಎಂಟಿ ಎಂಬ ಕಿಣ್ವದ ಕೊರತೆಯಿದ್ದವರಿಗೆ ಇದು ಒಗ್ಗುವುದಿಲ್ಲವೆಂದು ಪಾಶ್ಚಾತ್ಯ ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಏಷ್ಯಾದವರಲ್ಲಿ ಅದಕ್ಕಿಂತ ಹೆಚ್ಚಾಗಿ ಕಾಣುವ ಎನ್‌ಯುಡಿಟಿ15 ಎಂಬ ಇನ್ನೊಂದು ಕಾರಣ ಬೆಳಕಿಗೆ ಬಂದದ್ದು 2014ರಲ್ಲಿ, ಕೊರಿಯಾದ ರೋಗಿಗಳನ್ನು ಪರೀಕ್ಷಿಸಿದಾಗ. ಭಾರತೀಯರಲ್ಲೂ ಅದು ಇದೆ.

ನಮ್ಮ ಕಾಡಿನಂಚಿನಲ್ಲಿ

ಇದು ವಜ್ರಳ್ಳಿಯಂಥ ಊರಿಗೆ ಸಂಬಂಧಿಸದ ದೂರದ ಮಾತಲ್ಲ. ನಮ್ಮ ಯಲ್ಲಾಪುರ ತಾಲೂಕಿನಲ್ಲೂ ಹಳಿಯಾಳ, ಮುಂಡಗೋಡ, ಅಂಕೋಲಾಗಳಲ್ಲೂ ಸಿದ್ದಿ ಜನಾಂಗದವರು ನೆಲೆಸಿದ್ದಾರೆ. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕನ್ನರು ಅವರ ಪೂರ್ವಜರಲ್ಲಿದ್ದಾರೆ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಿದ್ದಿಗಳ ವಂಶವಾಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕಾದವು. ಉಳಿದದ್ದು ಮುಖ್ಯವಾಗಿ ಇಲ್ಲಿಯ ಜನರೊಂದಿಗೆ ಬೆರೆತುದರ ಫಲ. ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಶಾಸನಸಭೆಯಲ್ಲಿ ಹೀಗೆ ಸ್ಥಾನ ದೊರೆಯಿತು. ಔಷಧ ಪರೀಕ್ಷೆಯಲ್ಲಿ ಸ್ಥಾನ ಸಿಗುವ ದಾರಿ ಬೇರೆ.

ಸಿದ್ದಿ ರೋಗಿಗಳಿಗೆಲ್ಲ ಫ್ಲೋರೊಯುರಾಸಿಲ್ ಅಪಾಯಕಾರಿ ಎಂದು ಇದರ ಅರ್ಥವಲ್ಲ. ಯುರೋಪಿನವರ ಅಳತೆಗೆ ಹೊಲಿದ ಅಂಗಿ ಇವರಿಗೂ ಸರಿಹೋಗುತ್ತದೆಂದು ನೋಡದೆಯೇ ನಂಬುವುದು ಸರಿಯಲ್ಲ, ಅಷ್ಟೆ.

ಹಾಗಾದರೆ ಸಿದ್ದಿಗಳಿಗೇ ಪ್ರತ್ಯೇಕ ಪರೀಕ್ಷೆ ನಡೆಸಬಹುದೇ? ಲೆಕ್ಕ ಹಾಕೋಣ. ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು ನೂರು ಮಂದಿಗೆ ಹೊಸದಾಗಿ ಕ್ಯಾನ್ಸರ್ ಪತ್ತೆಯಾಗುತ್ತದೆ. ಈ ದರದಲ್ಲಿ ಹತ್ತು ಸಾವಿರ ಜನರ ಒಂದು ಸಮುದಾಯದಲ್ಲಿ ವರ್ಷಕ್ಕೆ ಸಿಗುವವರು ಹತ್ತೇ ಮಂದಿ. ಅವರ ರೋಗವೂ ಹತ್ತು ಬಗೆ. ನೂರಾರು ರೋಗಿಗಳು ಬೇಕಾಗುವ ಪರೀಕ್ಷೆಗೆ ಇದು ಸಾಲದು. ಆದ್ದರಿಂದ ದೊಡ್ಡ ಪರೀಕ್ಷೆಗಳಲ್ಲೇ ಇಂಥವರಿಗೆ ಜಾಗ ಸಿಗಬೇಕು, ಅವರ ವಂಶವಾಹಿಗಳ ವಿವರವೂ ದಾಖಲಾಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಹತ್ತು ಸಾವಿರ ಭಾರತೀಯರ ವಂಶವಾಹಿ ನಕ್ಷೆ ತಯಾರಾಗಿರುವುದು ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ.

ದೂರವೂ ಒಂದು ಅಡ್ಡಿ. ಯಲ್ಲಾಪುರದಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಸುಮಾರು 70 ಕಿಲೋಮೀಟರ್. ಬೆಂಗಳೂರಿನ ಕಿದ್ವಾಯಿಗೆ ರಾತ್ರಿಯಿಡೀ ಬಸ್ ಪ್ರಯಾಣ. ಪರೀಕ್ಷೆಗೆ ಸೇರಿದ ರೋಗಿ ಮತ್ತೆ ಮತ್ತೆ ಹೋಗಿ ರಕ್ತ ಕೊಡಬೇಕು. ಕೂಲಿ ಬಿಟ್ಟು ಹೋಗಬೇಕಾದವರಿಗೆ ಬಸ್ ಖರ್ಚೂ ದಿನಗೂಲಿಯೂ ಸಿಗದಿದ್ದರೆ 'ಎಲ್ಲರಿಗೂ ಅವಕಾಶವಿದೆ' ಎಂಬ ಮಾತು ಕಾಗದದಲ್ಲೇ ಉಳಿಯುತ್ತದೆ.

ಒಪ್ಪಿಗೆ ಯಾರದು?

ಸೇರಿಸಿಕೊಳ್ಳುವುದೆಂದರೆ ಬಳಸಿಕೊಳ್ಳುವುದಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಯೋಜನೆಯೊಂದರಡಿ 10ರಿಂದ 14 ವರ್ಷದ ಹುಡುಗಿಯರಿಗೆ ಹಾಕಿದರು. ಅವರಲ್ಲಿ ಅನೇಕರು ವಸತಿ ಶಾಲೆಗಳ ಬುಡಕಟ್ಟು ಮಕ್ಕಳು. ಎಷ್ಟೋ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಯ ಬದಲು ವಾರ್ಡನ್‌ಗಳೇ ಸಹಿ ಮಾಡಿದ್ದರು. 2010ರಲ್ಲಿ ಯೋಜನೆ ನಿಂತಿತು. 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ, ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ತಪ್ಪಾದದ್ದು ಕೇಳಿದ ರೀತಿಯಲ್ಲಿ.

2019ರ ಔಷಧ ಪರೀಕ್ಷಾ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಬೇಕು. ಓದಲು ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಜೊತೆಗಿರಬೇಕು. ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಯಾವಾಗ ಬೇಕಾದರೂ ಹೊರಬರುವ ಹಕ್ಕು ರೋಗಿಗಿದೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತಾಡುವ ಸಿದ್ದಿ ಅಜ್ಜಿಗೆ ಅಚ್ಚ ಗ್ರಾಂಥಿಕ ಕನ್ನಡದ ಹಾಳೆ ಓದಿ ಹೇಳಿದರೆ ಸಾಲದು.

ನಾಳೆ ಯಾರ ಮನೆಯವರನ್ನಾದರೂ ಇಂಥ ಪರೀಕ್ಷೆಗೆ ಕರೆದರೆ ಹೆದರಿ ಓಡುವುದೂ ಬೇಡ, ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತುವುದೂ ಬೇಡ. ಈ ಔಷಧ ಈ ಮೊದಲು ಯಾರ ಮೇಲೆ ಪರೀಕ್ಷೆಯಾಗಿದೆ, ನಮ್ಮಂಥವರು ಅದರಲ್ಲಿದ್ದರೇ, ತೊಂದರೆಯಾದರೆ ಯಾರು ಹೊಣೆ ಎಂದು ಕೇಳಿ. ಓದಿದ ಮಕ್ಕಳು ಆಗ ಪಕ್ಕದಲ್ಲಿ ಕುಳಿತು ಆ ಕಾಗದವನ್ನು ಮನೆಮಾತಿನಲ್ಲಿ ಬಿಡಿಸಿ ಹೇಳಲಿ.