ಪಟ್ಟಿಬಂಡಿಯ ಪಟ್ಟಿಗಳು: ಅವುಗಳ ಆಯ್ಕೆಯೂ ಪಾಲನೆಯೂ

ಗೊಬ್ಬರವನ್ನೂ ಅಡಕೆಗೊನೆಗಳನ್ನೂ ತೋಟದೊಳಗೆ ಸಾಗಿಸುವುದಕ್ಕಾಗಿ, ವಿದ್ಯುತ್ ಮೋಟಾರಿನಿಂದ ನಡೆದು ದೂರದಿಂದಲೇ ಆಜ್ಞೆಯನ್ನು ಪಾಲಿಸುವ ರೋಬಾಟ್ ಬಂಡಿಯನ್ನು ಸ್ವಂತವಾಗಿ ಕಟ್ಟಿಕೊಳ್ಳಬಯಸುವ ರೈತಮಹಾಶಯರು, ಮೋಟಾರಿನ ವಿಚಾರಕ್ಕಿಂತ ಮುಂಚಿತವಾಗಿ ಅದರ ಪಟ್ಟಿಗಳ ವಿಚಾರವನ್ನು ಆಲೋಚಿಸತಕ್ಕದ್ದು. ಪಟ್ಟಿಯು ತಪ್ಪಿದಲ್ಲಿ ಉಳಿದೆಲ್ಲ ವೆಚ್ಚವೂ ಕೆಸರುಪಾಲಾಗುವುದು.

ಪಟ್ಟಿಯ ಉಪಯೋಗವು ಭಾರವನ್ನು ಹರಡುವುದರಲ್ಲಿದೆ. ೧೯೦೪ನೆಯ ನವೆಂಬರಿನಲ್ಲಿ ಅಮೆರಿಕದ ಸ್ಟಾಕ್‌ಟನ್ ಪಟ್ಟಣದ ಬೆಂಜಮಿನ್ ಹೋಲ್ಟ್ ಎಂಬವರು, ಮೆತ್ತನೆಯ ಜೌಗುಭೂಮಿಯಲ್ಲಿ ಹೂತುಹೋಗುತ್ತಿದ್ದ ಉಗಿಯಂತ್ರದ ಹಿಂದಿನ ಚಕ್ರಗಳನ್ನು ತೆಗೆದು, ಮರದ ಹಲಗೆಗಳ ಪಟ್ಟಿಯನ್ನು ಜೋಡಿಸಿ ಪರೀಕ್ಷಿಸಿದರು. ನಮ್ಮ ಲೆಕ್ಕವೂ ಅದೇ ಆಗಿದೆ. ಹೊರೆಸಹಿತ ೨೫೦ ಕಿಲೋಗ್ರಾಂ ತೂಗುವ ಬಂಡಿಗೆ ೧೮ ಸೆಂಟಿಮೀಟರು ಅಗಲದ, ನೆಲಕ್ಕೆ ೭೦ ಸೆಂಟಿಮೀಟರು ತಾಗುವ ಎರಡು ಪಟ್ಟಿಗಳಿದ್ದರೆ, ಚದರ ಸೆಂಟಿಮೀಟರಿಗೆ ಬೀಳುವ ಭಾರವು ಸುಮಾರು ೧೦೦ ಗ್ರಾಂ ಮಾತ್ರ. ಒಂದೊಂದೂ ೬೦ ಚದರ ಸೆಂಟಿಮೀಟರು ತಾಗುವ ನಾಲ್ಕು ಚಕ್ರಗಳ ಮೇಲೆ ಅದೇ ಬಂಡಿಯು ನಿಂತರೆ ಭಾರವು ಹತ್ತು ಪಟ್ಟಾಗುವುದು. ಅಡಕೆಮರದ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹೆಚ್ಚಾಗಿ ಹರಡಿರುವುದರಿಂದ ಈ ವ್ಯತ್ಯಾಸವು ಅಲ್ಪವಾದುದಲ್ಲ.

ಆದರೆ ಎಲ್ಲ ನೆಲಕ್ಕೂ ಪಟ್ಟಿ ಬೇಕಿಲ್ಲ. ಕಡೂರಿನ ಕಡೆಯ ಗರಸುಮಿಶ್ರಿತ ಕೆಂಪುಹೊಲಗಳಲ್ಲಿ ಅಗಲವಾದ ರಬ್ಬರ್ ಚಕ್ರವೇ ಸಾಕು, ಖರ್ಚೂ ಕಡಿಮೆ. ತರೀಕೆರೆಯ ಕಡೆ ನಾಲೆಯ ನೀರುಂಡ ಗದ್ದೆಗಳಿಗೂ ತೋಟಗಳಿಗೂ ರಬ್ಬರ್ ಪಟ್ಟಿಯು ಯೋಗ್ಯವಾದುದು. ಕಬ್ಬಿಣದ ಪಟ್ಟಿಯು ಬಹುಕಾಲ ಬಾಳಿಕೆ ಬರುವುದಾದರೂ ಬೇರನ್ನೂ ನೀರಿನ ಕೊಳವೆಯನ್ನೂ ಕತ್ತರಿಸುವುದು. ಅಜ್ಜಂಪುರದ ಕಡೆಯ ಎರೆಭೂಮಿಯಲ್ಲಿ ಜಿಗುಟುಮಣ್ಣು ಪಟ್ಟಿಗೂ ಉರುಳೆಗೂ ನಡುವೆ ತುಂಬಿಕೊಳ್ಳುವುದರಿಂದ, ಮಣ್ಣು ಹೊರಬೀಳಲು ತೆರಪುಳ್ಳ ಹಲ್ಲುಚಕ್ರವನ್ನು ಆರಿಸಿ, ನೆಲವು ಹದಕ್ಕೆ ಬಂದ ಮೇಲೆಯೇ ಬಂಡಿಯನ್ನಿಳಿಸುವುದು ಲೇಸು.

ಅಳತೆಯಲ್ಲಿಯೂ ಮಿತಿಯುಂಟು. ನೆಲಕ್ಕೆ ತಾಗುವ ಪಟ್ಟಿಯ ಉದ್ದವು, ಎರಡು ಪಟ್ಟಿಗಳ ನಡುಗೆರೆಗಳ ಅಂತರದ ಒಂದೂವರೆ ಪಟ್ಟನ್ನು ಮೀರದಂತಿರಲಿ. ಮೀರಿದರೆ ಬಂಡಿಯು ತಿರುಗುವುದಕ್ಕೆ ಹೆಣಗುವುದು, ಮಣ್ಣು ಕಿತ್ತುಬರುವುದು, ಮೋಟಾರು ಕಾಯುವುದು.

ಪಾಲನೆಯ ವಿಧಾನ ಹೀಗಿದೆ. ಬಂಡಿಯನ್ನು ದಿಮ್ಮಿಯ ಮೇಲೆ ಭದ್ರವಾಗಿ ಎತ್ತಿ ನಿಲ್ಲಿಸಿ, ಕೆಳಪಟ್ಟಿಯ ನಡುವಿನ ಜೋಲನ್ನು ಅಳೆಯಬೇಕು. ತಯಾರಕರು ಬೇರೆ ಅಳತೆಯನ್ನು ಸೂಚಿಸದಿದ್ದಲ್ಲಿ, ಸಣ್ಣ ರಬ್ಬರ್ ಪಟ್ಟಿಗೆ ೧೦ರಿಂದ ೧೫ ಮಿಲಿಮೀಟರು ಜೋಲು ಸರಿಯಾದುದು. ಬಿಗಿ ಹೆಚ್ಚಿದರೆ ಬೇರಿಂಗುಗಳು ಸವೆಯುವುವು. ಸಡಿಲವಾದರೆ ತಿರುವಿನಲ್ಲಿ ಪಟ್ಟಿಯು ಕಳಚಿಬೀಳುವುದು. ನಿಂತಲ್ಲಿಯೇ ಸುತ್ತಿಸದೆ, ಅಗಲವಾದ ತಿರುವು ಕೊಡಬೇಕು. ದಿನದ ಕೆಲಸ ಮುಗಿದೊಡನೆ ಮಣ್ಣನ್ನು ತೊಳೆದು, ಎಣ್ಣೆ ತಗುಲಿದ್ದರೆ ಒರೆಸಿ, ನೆರಳಿನಲ್ಲಿ ನಿಲ್ಲಿಸಬೇಕು. ಎಣ್ಣೆಯೂ ಬಿಸಿಲೂ ರಬ್ಬರಿಗೆ ಶತ್ರುಗಳು. ಒಳಗಿನ ಉಕ್ಕಿನ ತಂತಿ ಹೊರಗೆ ಕಂಡರೆ ಪಟ್ಟಿಯನ್ನು ಬದಲಾಯಿಸಲು ತಡಮಾಡಬಾರದು.

ಪಟ್ಟಿಯಲ್ಲಿ ಸಿಕ್ಕಿದ ಕಲ್ಲನ್ನು ತೆಗೆಯುವ ಮುನ್ನ ಬ್ಯಾಟರಿಯ ತಂತಿಯನ್ನು ಕಳಚತಕ್ಕದ್ದು. ದೂರದ ಗುಂಡಿಯನ್ನು ಮಕ್ಕಳು ಒತ್ತಿದರೂ ಬೆರಳು ಹೋಗುವುದು. ಗ್ರಾಮದ ಮುಖಂಡರು ಈ ಒಂದು ನಿಯಮವನ್ನಾದರೂ ತಮ್ಮೂರಿನ ತರುಣರಿಗೆ ಮನದಟ್ಟು ಮಾಡಿಕೊಡುವರೆಂದು ನಂಬಿರುತ್ತೇವೆ.