ಹೊಲದ ಮಣ್ಣು, ಹೊಲದ ನೀರು, ಸರ್ಕಾರದ ನೆರವು

ಮಳೆಯನ್ನೇ ನಂಬಿದ ಒಕ್ಕಲುಗಾರನಿಗೆ ಎರಡು ಬಗೆಯ ನಷ್ಟಗಳುಂಟು. ಮಳೆ ಬಾರದಿದ್ದರೆ ಒಂದು. ಬಿರುಸಾಗಿ ಬಂದರೆ ಇನ್ನೊಂದು. ಮೊದಲನೆಯದು ಎಲ್ಲರ ಕಣ್ಣಿಗೂ ಕಾಣುವುದು. ಎರಡನೆಯದು ಹಳ್ಳದ ಕೆಂಪು ನೀರಿನೊಡನೆ ಹೊರಟುಹೋಗುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವವರು ಕಡಮೆ. ಚಳ್ಳಕೆರೆ, ಪಾವಗಡದಂತಹ ಸೀಮೆಗಳಲ್ಲಿ ವರ್ಷದ ಮಳೆಯೆಲ್ಲ ಸೇರಿ 20 ಅಂಗುಲದ ಆಸುಪಾಸು. 1 ಎಕರೆಯ ಮೇಲೆ 2 ಅಂಗುಲ ಮಳೆ ಸುರಿಯಿತೆಂದರೆ 2 ಲಕ್ಷ ಲೀಟರಿಗೂ ಮಿಕ್ಕ ನೀರು ಬಿದ್ದಂತಾಯಿತು. ಅದರಲ್ಲಿ ಕಾಲುಭಾಗ ಹರಿದುಹೋದರೂ 50,000 ಲೀಟರು ನಮ್ಮ ಕೈತಪ್ಪಿತು. ಮೇಲ್ಮಣ್ಣೂ ಅದರ ಬೆನ್ನುಹತ್ತಿತು.

ಇದನ್ನು ತಡೆಯಲು ಹಣ ಬೇಕು, ತಿಳಿವಳಿಕೆಯೂ ಬೇಕು. ನಮ್ಮ ಜನ ಸಾಮಾನ್ಯವಾಗಿ ಹಣವನ್ನು ಮೊದಲು ವಿಚಾರಿಸುವರು. ತಿಳಿವಳಿಕೆಯನ್ನು ಮೊದಲು ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾಸು ಕೊಡಬೇಕಾಗಿಯೂ ಇಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಇಲಾಖೆಯವರು ಇರುವರು. ಜಿಲ್ಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿರುವುದು. 2012ರಿಂದ 2019ರವರೆಗೆ ನಡೆದ ಸುಜಲ ಯೋಜನೆಯ ಮೂರನೆಯ ಹಂತದಲ್ಲಿ ಹಲವು ಜಲಾನಯನಗಳ ಮಣ್ಣಿನ ಆಳ, ಇಳಿಜಾರು, ಸವಕಳಿ ಇವುಗಳನ್ನು ಸರ್ವೆ ನಂಬರಿನ ಮಟ್ಟದವರೆಗೆ ಅಳೆದು ಬರೆದಿಟ್ಟಿದ್ದಾರೆ. ತನ್ನ ಹಳ್ಳಿ ಅದರಲ್ಲಿ ಸೇರಿದ್ದಿತೇ ಎಂದು ಕೇಳಿ ನೋಡುವುದು ಒಳ್ಳೆಯದು.

ಯೋಜನೆಯೆಂದರೆ ದೊಡ್ಡ ಮಾತೇನೂ ಅಲ್ಲ. ಜಡಿಮಳೆಯಲ್ಲಿ ಗೊಂಗಡಿ ಹೊದ್ದು ಹೊಲದಲ್ಲಿ ನಿಂತು, ನೀರು ಎಲ್ಲಿಂದ ಬರುವುದು, ಎಲ್ಲಿ ಕೊರೆಯುವುದು, ಯಾವ ಮೂಲೆಯಿಂದ ಹೊರಡುವುದು ಎಂಬುದನ್ನು ಒಂದು ಹಾಳೆಯ ಮೇಲೆ ಗುರುತು ಮಾಡಿಕೊಂಡರೆ ಅರ್ಧ ಕೆಲಸ ಆದಂತೆಯೇ. ಕೆಲಸವನ್ನು ದಿಬ್ಬದಿಂದ ಆರಂಭಿಸಿ ತಗ್ಗಿಗೆ ತರತಕ್ಕದ್ದು. ಮೇಲೆ ಬದು ಇಲ್ಲದೆ ಕೆಳಗೆ ಹೊಂಡ ತೋಡಿದರೆ ಅದು ನೀರಿಗಿಂತ ಮೊದಲು ಹೂಳಿನಿಂದ ತುಂಬುವುದು. ಬದುವನ್ನು ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿಯಲ್ಲಿ ಹಾಕಿ, ಹೆಚ್ಚಿನ ನೀರು ಹೊರಡಲು ಕಲ್ಲು ಕಟ್ಟಿದ ಕೋಡಿಯನ್ನು ಬಿಡಬೇಕು. ಕೋಡಿಯಿಲ್ಲದ ಬದು ಒಂದೇ ಮಳೆಗೆ ಒಡೆಯುವುದುಂಟು. ಬದುವಿನ ಮೇಲೆ ಲಾವಂಚವನ್ನೋ ಗ್ಲಿರಿಸಿಡಿಯವನ್ನೋ ನೆಟ್ಟರೆ ಮಣ್ಣು ಹಿಡಿದುಕೊಳ್ಳುವುದು. ಗ್ಲಿರಿಸಿಡಿಯದ ಸೊಪ್ಪು ಗೊಬ್ಬರಕ್ಕೂ ಆದೀತು.

ಇನ್ನು ಹಣದ ಮಾತು. ಕರ್ನಾಟಕ ಸರ್ಕಾರದವರು 2014-15ರಲ್ಲಿ ಕೃಷಿ ಭಾಗ್ಯವೆಂಬ ಯೋಜನೆಯನ್ನು ಆರಂಭಿಸಿದರು. ಅದು ನಡುವೆ ಕೆಲಕಾಲ ನಿಂತು, 2023-24ರಲ್ಲಿ ಮರಳಿ ಬಂದಿತು. ಕ್ಷೇತ್ರ ಬದು, ಕೃಷಿ ಹೊಂಡ, ಹೊಂಡಕ್ಕೆ ತಂತಿ ಬೇಲಿ, ನೀರೆತ್ತುವ ಪಂಪು, ತುಂತುರು ಇಲ್ಲವೆ ಹನಿ ನೀರಾವರಿ ಇವೆಲ್ಲ ಅದರಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇಕಡಾ 80, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಶೇಕಡಾ 90ರಂತೆ ಸಹಾಯಧನವನ್ನು ಗೊತ್ತುಮಾಡಿದ್ದರು. ಬೇಲಿಗೆ 40 ಮತ್ತು 50. ಆಯಾ ವರ್ಷದ ದರವನ್ನು ಕೇಂದ್ರದಲ್ಲಿಯೇ ಕೇಳಿಕೊಳ್ಳಬೇಕು. ಬೇಲಿಗೆ ಕೊಡುವುದು ಕಡಮೆಯೆಂದು ಅದನ್ನು ಬಿಡುವವರಿದ್ದಾರೆ. ಜಾರುವ ಹಾಳೆ ಹಾಸಿದ ಹೊಂಡಕ್ಕೆ ಮಕ್ಕಳು ಬಿದ್ದರೆ ಮೇಲೆ ಬರಲಾರರು. ಈ ಒಂದು ಉಳಿತಾಯವನ್ನು ನಾವು ಒಪ್ಪಲಾರೆವು.

12 ಮೀಟರು ಉದ್ದ, 12 ಅಗಲ, 3 ಆಳದ ಹೊಂಡಕ್ಕೆ ಓರೆಯಾದ ದಂಡೆಗಳನ್ನು ಬಿಟ್ಟರೆ ಸುಮಾರು 2½ ಲಕ್ಷ ಲೀಟರು ಹಿಡಿಯುವುದು. ರಾಗಿ ತೆನೆಗೆ ಬರುವ ಹೊತ್ತಿನಲ್ಲಿ ಮಳೆ ಕೈಕೊಟ್ಟರೆ 1 ಎಕರೆಗೆ 1 ಅಂಗುಲದಂತೆ ಎರಡು ಸಲ ಕೊಡಬಹುದು. ಕೆಂಪು ಮಣ್ಣಿನಲ್ಲಿ ಹಾಳೆ ಹಾಸದೆ ನೀರು ನಿಲ್ಲದು. ಎರೆಯಲ್ಲಿ ಅದರ ಅಗತ್ಯ ಅಷ್ಟಿಲ್ಲ.

ಅರ್ಜಿಗೆ ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕ, ಫ್ರೂಟ್ಸ್ ದಾಖಲೆಯ ಸಂಖ್ಯೆ ಇವು ಬೇಕಾಗುವುವು. ಕಾರ್ಯಾದೇಶ ಕೈಗೆ ಬರುವ ಮೊದಲು ಗುದ್ದಲಿ ಹಾಕಬಾರದು. ಮೊದಲೇ ತೋಡಿದ ಹೊಂಡಕ್ಕೆ ಹಣ ಸಿಕ್ಕುವ ಭರವಸೆಯಿಲ್ಲ. ಸಹಾಯಧನವು ಕೆಲಸ ಮುಗಿದು ಅಳತೆಯಾದ ಮೇಲೆ ಖಾತೆಗೆ ಬರುವುದಾದರೆ ಅಲ್ಲಿಯವರೆಗಿನ ಖರ್ಚನ್ನು ಕೈಯಿಂದ ಹಾಕಬೇಕಾಗುವುದು. ಬಡ್ಡಿಗೆ ಸಾಲ ತಂದು ತೋಡಿಸಿದವನಿಗೆ ಶೇಕಡಾ 80 ಎಂಬುದು 80 ಆಗಿ ಉಳಿಯದು. ಆದುದರಿಂದ ಪ್ರಾಥಮಿಕ ಸಹಕಾರ ಸಂಘದಲ್ಲಿ ಮೊದಲೇ ವಿಚಾರಿಸುವುದು ಲೇಸು.

ಇವೆಲ್ಲಕ್ಕೂ ಮಿಗಿಲಾದ ತೊಡಕು ಪಹಣಿಯದು. ಅಜ್ಜ ತೀರಿಹೋಗಿ ಎಷ್ಟೋ ವರ್ಷಗಳಾದರೂ ಖಾತೆ ಅವನ ಹೆಸರಿನಲ್ಲಿಯೇ ಇರುವ ಹೊಲಗಳು ನಮ್ಮಲ್ಲಿ ಬೇಕಾದಷ್ಟಿವೆ. ಉಳುತ್ತಿರುವವಳು ಸೊಸೆಯಾಗಿರಬಹುದು, ಮಳೆಯಲ್ಲಿ ಬದು ಕಟ್ಟುವವನು ಕಿರಿಯ ಮೊಮ್ಮಗನಾಗಿರಬಹುದು. ಕಾಗದದಲ್ಲಿ ಹೆಸರಿಲ್ಲದವರ ಅರ್ಜಿ ಮುಂದೆ ಸಾಗುವುದು ಕಷ್ಟ. ಅಂತಹವರು ನಾಡಕಚೇರಿಗೆ ಹೋಗಿ ಮರಣದ ದಾಖಲೆ, ವಂಶವೃಕ್ಷಗಳೊಡನೆ ಪೌತಿ ಖಾತೆಗೆ ಮೊದಲು ಅರ್ಜಿ ಹಾಕಬೇಕು. ಅದಕ್ಕೆ ತಿಂಗಳುಗಳೇ ಹಿಡಿದಾವು. ಆದುದರಿಂದ ಸುಗ್ಗಿ ಮುಗಿದೊಡನೆಯೇ ಹೊರಟರೆ, ಮುಂದಿನ ಮುಂಗಾರಿನೊಳಗೆ ಹೊಂಡವಲ್ಲದಿದ್ದರೂ ಬದುವಾದರೂ ಬಿದ್ದೀತು.