ಮನೆಯ ಶೌಚಪಾತ್ರೆ: ಬೆಲೆಗಿಂತ ಮೊದಲು ಅಳತೆ

ನಿತ್ಯಜೀವನಕ್ಕೆ ಬೇಕಾದ ತಿಳಿವಳಿಕೆಯನ್ನು ಕನ್ನಡದಲ್ಲಿಯೇ ಹೇಳುವ ಪರಂಪರೆ ನಮ್ಮಲ್ಲಿ ಹಳೆಯದು. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ವು ವಾಸ್ತು, ಅಂತರ್ಜಲ ಶೋಧನೆ, ಪಾಕ, ವೈದ್ಯ ಮೊದಲಾದ ವಿಷಯಗಳನ್ನು ಒಂದೇ ಗ್ರಂಥದಲ್ಲಿ ತಂದಿತು. ಆದ್ದರಿಂದ ಕನ್ನಡ ವಿಭಾಗದ ಈ ವಾರ್ತಾಪತ್ರದಲ್ಲಿ ಶೌಚಾಲಯದ ಕುರಿತು ಬರೆಯುವುದು ಅನುಚಿತವೆನಿಸದು ಎಂದು ಭಾವಿಸುತ್ತೇನೆ.

ಈ ವಸ್ತುವನ್ನು ಹೆಸರಿಸುವಲ್ಲಿಯೇ ನಮಗೆ ಸಂಕೋಚವಿದೆ. ಮರಾಠಿಯ ನೆರೆಯಲ್ಲಿ ಬೆಳೆದವರು 'ಸಂಡಾಸು' ಎನ್ನುತ್ತಾರೆ. 'ಪಾಯಖಾನೆ' ಪಾರಸಿಯಿಂದ ಬಂದದ್ದು. 'ಕಮೋಡ್' ಫ್ರೆಂಚಿನಿಂದ ಇಂಗ್ಲಿಷಿಗೆ ಬಂದು ಅಲ್ಲಿಂದ ನಮ್ಮಲ್ಲಿಗೆ ಇಳಿದದ್ದು. ನಮ್ಮ ಆದೋನಿ ಭಾಗದಲ್ಲಿ ದಿನವೂ ಕೇಳುವ ತೆಲುಗಿನ 'ಮರುಗುದೊಡ್ಡಿ'ಯಲ್ಲಂತೂ 'ಮರೆ' ಎಂಬ ಅರ್ಥವೇ ಅಡಗಿದೆ. ಈ ಸಂಕೋಚದಿಂದಾಗಿ ಸೀರೆಯನ್ನೋ ಎತ್ತನ್ನೋ ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವ ನಾವು, ಹಲವು ವರ್ಷ ಬಾಳಬೇಕಾದ ಶೌಚಪಾತ್ರೆಯನ್ನು ಅಂಗಡಿಯವರು ತೋರಿಸಿದಂತೆ ತಂದುಬಿಡುತ್ತೇವೆ. ತಂದ ಮೇಲೆ ಅದು ಕೊಳವೆಗೆ ಹೊಂದದು, ಇಲ್ಲವೆ ಮನೆಯ ಹಿರಿಯರಿಗೆ ಒಗ್ಗದು.

ಬದಲಿಸಲೇಬೇಕೇ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಪಾತ್ರೆಯಲ್ಲಿ ಸೀಳು ಕಂಡಿದ್ದರೆ, ಹೊಳಪಿನ ಲೇಪ ಸವೆದು ಕಲೆ ಹೋಗದಂತಾಗಿದ್ದರೆ, ಬುಡ ಸಡಿಲಗೊಂಡು ದುರಸ್ತಿಗೆ ನಿಲ್ಲದಿದ್ದರೆ ಬದಲಾವಣೆ ಅಗತ್ಯ. ಕೇವಲ ನೀರು ಸೋರುತ್ತಿದ್ದರೆ ಹಾಗಲ್ಲ. ನೀರಿನ ತೊಟ್ಟಿಗೆ ಚಿಟಿಕೆ ಅರಿಸಿನ ಕದಡಿ ಅರ್ಧ ಗಂಟೆ ಬಿಡಬೇಕು. ಗುಂಡಿ ಒತ್ತದೆಯೇ ಪಾತ್ರೆಯೊಳಗೆ ಹಳದಿ ನೀರು ಇಳಿದರೆ ದೋಷವಿರುವುದು ತೊಟ್ಟಿಯ ಕವಾಟದಲ್ಲಿ. ಅದಕ್ಕೆ ಬೇಕಾದದ್ದು ಸಣ್ಣದೊಂದು ರಬ್ಬರ್ ಬಿಲ್ಲೆಯೋ ಹೊಸ ಕವಾಟವೋ ಮಾತ್ರ.

ಬಳಸುವವರು ಯಾರು?

ಕುಕ್ಕುರುಗಾಲಿನಲ್ಲಿ ಕೂರುವ ಭಾರತೀಯ ಮಾದರಿಯ ಬೆಲೆ ಕಡಿಮೆ, ಬಿಡಿಭಾಗಗಳೂ ಕಡಿಮೆ. ಮಂಡಿ ಗಟ್ಟಿಯಿರುವವರಿಗೆ ಅದು ಸಾಕು. ಆದರೆ ಮನೆಯಲ್ಲಿ ಮಂಡಿನೋವಿನವರು, ಗರ್ಭಿಣಿಯರು, ಶಸ್ತ್ರಚಿಕಿತ್ಸೆಯಾದವರು ಇದ್ದಲ್ಲಿ ಕುರ್ಚಿಯ ಎತ್ತರದ ಮಾದರಿಯೇ ಕ್ಷೇಮ. ಸಾಮಾನ್ಯ ಆಸನದ ಎತ್ತರ ಸುಮಾರು 400 ಮಿಲಿಮೀಟರು. ಹಿರಿಯರಿಗೆ 450ರ ಆಸುಪಾಸಿನದು ಅನುಕೂಲ. ಯಾವ ಮಾದರಿಯಾದರೂ ಪಕ್ಕದ ಗೋಡೆಗೆ ಹಿಡಿಕೆಯೊಂದನ್ನು ಭದ್ರವಾಗಿ ಕೂರಿಸಬೇಕು. ಹಿರಿಯರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಆಗುವ ನೋವು ಮತ್ತು ವೆಚ್ಚದ ಮುಂದೆ ಹಿಡಿಕೆಯ ಬೆಲೆ ಲೆಕ್ಕಕ್ಕೆ ಬಾರದು.

ನೀರಿನ ಲೆಕ್ಕ

ಕಾಲುವೆಯ ನೀರನ್ನು ಎದುರುನೋಡುತ್ತ ಬೇಸಿಗೆ ಕಳೆಯುವ ನಮ್ಮ ಸೀಮೆಯಲ್ಲಿ ಇದು ಮುಖ್ಯ ವಿಚಾರ. ಹಳೆಯ ತೊಟ್ಟಿಗಳು ಒಮ್ಮೆಗೆ 10 ಲೀಟರು ಅಥವಾ ಅದಕ್ಕೂ ಹೆಚ್ಚು ನೀರು ಸುರಿಯುತ್ತವೆ. ಈಗಿನ ಎರಡು ಗುಂಡಿಯ ತೊಟ್ಟಿಗಳಲ್ಲಿ ಮೂತ್ರಕ್ಕೆ 3, ಮಲಕ್ಕೆ 6 ಲೀಟರಿನ ವ್ಯವಸ್ಥೆ ದೊರೆಯುತ್ತದೆ. ಐವರ ಕುಟುಂಬದಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಐದು ಬಾರಿ ಬಳಸುವರೆಂದರೆ ಹಳೆಯದಕ್ಕೆ 250 ಲೀಟರು ಬೇಕು, ಹೊಸದಕ್ಕೆ 90 ಸಾಕು. ಉಳಿಯುವ 160 ಲೀಟರೆಂದರೆ ಹತ್ತಕ್ಕೂ ಹೆಚ್ಚು ಬಿಂದಿಗೆ. ಆ ಬಿಂದಿಗೆಗಳನ್ನು ಹೊರುವವರು ಬಹುತೇಕ ಮನೆಯ ಹೆಂಗಸರೇ ಎಂಬುದನ್ನು ಮರೆಯಬಾರದು.

ಕುರ್ಚಿಯ ಮಾದರಿಯಲ್ಲಿಯೂ ಎರಡು ಬಗೆಗಳಿವೆ. ನೀರಿನ ರಭಸದಿಂದ ತಳ್ಳುವ 'ವಾಶ್‌ಡೌನ್' ಒಂದು, ಹೀರುವ ಸೆಳೆತದಿಂದ ಎಳೆಯುವ 'ಸೈಫಾನಿಕ್' ಮತ್ತೊಂದು. ಎರಡನೆಯದು ಸದ್ದು ಕಡಿಮೆ ಮಾಡಿದರೂ ಅದಕ್ಕೆ ಹೆಚ್ಚು ನೀರು ಬೇಕು, ಅದರ ದಾರಿಯೂ ಕಿರಿದು. ನಲ್ಲಿ ನಿಂತ ದಿನ ಬಕೆಟ್ಟಿನಿಂದ ಸುರಿದರೂ ಸಾಗುವ ವಾಶ್‌ಡೌನ್ ನಮಗೆ ತಕ್ಕದ್ದು. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಅಂಚಿನ ತೂತುಗಳಲ್ಲಿ ಸುಣ್ಣ ಕಟ್ಟಿಕೊಳ್ಳುವುದರಿಂದ ಅಂಚಿಲ್ಲದ ಪಾತ್ರೆಯನ್ನು ಶುಚಿಗೊಳಿಸುವುದು ಸುಲಭ. ಸುಣ್ಣ ತೆಗೆಯಲು ಆಮ್ಲ ಬಳಸುವವರು ಅದರೊಡನೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸಬಾರದು; ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಕೊಳವೆಯ ಅಳತೆ

ಮನೆಯ ಹೊರಹರಿವು ನೆಲದಲ್ಲಿದೆಯೋ ಗೋಡೆಯಲ್ಲಿದೆಯೋ ನೋಡಬೇಕು. ನೆಲದಲ್ಲಿದ್ದರೆ 'ಎಸ್ ಟ್ರ್ಯಾಪ್', ಗೋಡೆಯಲ್ಲಿದ್ದರೆ 'ಪಿ ಟ್ರ್ಯಾಪ್' ಕೊಳ್ಳಬೇಕು. ಎಸ್ ಮಾದರಿಗೆ, ಬಿಲ್ಲೆಕಲ್ಲು ಅಂಟಿಸಿದ ಗೋಡೆಯ ಮೇಲ್ಮೈಯಿಂದ ನೆಲದ ತೂತಿನ ನಟ್ಟನಡುವಿನವರೆಗೆ ಅಳೆಯಬೇಕು. ಮಾರುಕಟ್ಟೆಯಲ್ಲಿ ಸುಮಾರು 100, 225, 300 ಮಿಲಿಮೀಟರುಗಳವು ದೊರೆಯುತ್ತವೆ. ಪಿ ಮಾದರಿಗೆ ನೆಲದಿಂದ ತೂತಿನ ನಡುವಿನವರೆಗಿನ ಎತ್ತರವೇ ಅಳತೆ. ಅಳತೆ ತಪ್ಪಿದರೆ ನೆಲ ಒಡೆಯಬೇಕಾಗುತ್ತದೆ. ಒಡೆದು ಮತ್ತೆ ಕಟ್ಟುವ ಕೂಲಿ ಪಾತ್ರೆಯ ಬೆಲೆಯನ್ನು ಮೀರಿದರೂ ಆಶ್ಚರ್ಯವಿಲ್ಲ.

ಅಂಗಡಿಯಲ್ಲಿ

ಪಿಂಗಾಣಿ ಶೌಚಪಾತ್ರೆಗಳ ಭಾರತೀಯ ಮಾನಕ ಐಎಸ್ 2556. ಐಎಸ್‌ಐ ಗುರುತನ್ನು ನೋಡಿಯೇ ಕೊಳ್ಳಬೇಕು. ಸಂತೆಯಲ್ಲಿ ಗಡಿಗೆಯನ್ನು ತಟ್ಟಿ ಕೊಳ್ಳುವಂತೆ ಇದನ್ನೂ ಬೆರಳಿನಿಂದ ತಟ್ಟಬೇಕು. ನಾದ ಸ್ಪಷ್ಟವಾಗಿದ್ದರೆ ಒಳ್ಳೆಯದು, ಬೊದ್ದಾಗಿದ್ದರೆ ಎಲ್ಲಿಯೋ ಬಿರುಕಿರಬಹುದು. ಕೊಳವೆಯ ತಿರುವಿನೊಳಗೆ ಕೈಬೆರಳಾಡಿಸಿ ಅಲ್ಲಿಯೂ ಹೊಳಪಿನ ಲೇಪವಿದೆಯೇ ಎಂದು ತಿಳಿಯಬೇಕು. ಗೋಡೆಯೊಳಗೆ ಹುದುಗಿಸುವ ತೊಟ್ಟಿ ಕಣ್ಣಿಗೆ ಚೆಂದ; ಆದರೆ ಅದರ ಬಿಡಿಭಾಗಗಳು ಎಲ್ಲ ಊರುಗಳಲ್ಲಿಯೂ ಸಿಗುವುದಿಲ್ಲ, ದುರಸ್ತಿಗೆ ಕೆಲವೊಮ್ಮೆ ಗೋಡೆಯನ್ನೇ ಒಡೆಯಬೇಕಾದೀತು. ಹೊರಗೆ ತೂಗುವ ಸಾಮಾನ್ಯ ತೊಟ್ಟಿಯನ್ನು ಊರಿನ ನಲ್ಲಿ ಕೆಲಸದವರೇ ಸರಿಪಡಿಸಬಲ್ಲರು.

ಗುಂಡಿಯ ವಿಚಾರ

ಪಾತ್ರೆಯಿಂದ ಹೋದದ್ದು ಎಲ್ಲಿ ಸೇರುತ್ತದೆ ಎಂಬುದನ್ನು ಅರಿಯದೆ ಆಯ್ಕೆ ಪೂರ್ಣವಾಗದು. ನಮ್ಮ ಎರೆಭೂಮಿ ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಕೊಳವೆಯ ಸಂದುಗಳು ಇದರಿಂದ ಸರಿಯುತ್ತವೆ. ಆದ್ದರಿಂದ ಕೊಳವೆಯ ಕೆಳಗೂ ಸುತ್ತಲೂ ಮರಳು ತುಂಬಿಸುವುದು ಲೇಸು. ಈ ಮಣ್ಣು ನೀರನ್ನು ಬೇಗ ಇಂಗಿಸದು. ಇಂಗುಗುಂಡಿಯಿರುವ ಹಳ್ಳಿಯ ಮನೆಗಳು ಹೆಚ್ಚು ನೀರು ಸುರಿಯುವ ಪಾತ್ರೆಯನ್ನು ತಂದರೆ ಮಳೆಗಾಲದಲ್ಲಿ ಗುಂಡಿ ಉಕ್ಕುವುದು ಖಚಿತ. ಅಂಥಲ್ಲಿ ಕಡಿದಾದ ಇಳಿಜಾರಿನ ಗ್ರಾಮೀಣ ಪ್ಯಾನು ಉತ್ತಮ. ಒಂದೂವರೆ ಎರಡು ಲೀಟರು ನೀರಿಗೇ ಅದು ಶುಚಿಯಾಗುತ್ತದೆ. ಜೋಡಿಗುಂಡಿ ಇದ್ದಲ್ಲಿ ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗಿರುವುದು ಒಣಗಿ ಗೊಬ್ಬರವಾಗುತ್ತದೆ.

ಸೆಪ್ಟಿಕ್ ಟ್ಯಾಂಕಿರುವ ಮನೆಯವರು ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದಿಂದಲೇ ಅದನ್ನು ಖಾಲಿ ಮಾಡಿಸಬೇಕು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಅದರೊಳಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಗಿನ ಅನಿಲಕ್ಕೆ ಸಿಕ್ಕವರು ಕೂಗಲೂ ಆಗದೆ ಪ್ರಾಣ ಬಿಡುತ್ತಾರೆ. ಹೀಗೆ ಸತ್ತವರ ಸುದ್ದಿ ದೇಶದ ಒಂದಲ್ಲ ಒಂದು ಮೂಲೆಯಿಂದ ಇಂದಿಗೂ ಬರುತ್ತಿದೆ. ನಮ್ಮ ಮನೆಯ ಉಳಿತಾಯಕ್ಕೆ ಇನ್ನೊಬ್ಬರ ಜೀವ ತೆರುವಂತಾಗಬಾರದು. ಟ್ಯಾಂಕಿನ ಮುಚ್ಚಳಕ್ಕೆ ಯಂತ್ರದ ಕೊಳವೆ ತಲುಪುವಂತಿದೆಯೇ ಎಂದು ಈ ದುರಸ್ತಿಯ ಸಂದರ್ಭದಲ್ಲಿಯೇ ನೋಡಿಕೊಳ್ಳುವುದು ಒಳಿತು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮನೆಯಲ್ಲಿ ಇಂಥ ಕೆಲಸ ಬಂದಾಗ ಬಳಸುವವರ ವಯಸ್ಸು, ದಿನದ ನೀರು, ತೂತಿನ ಅಳತೆ, ಗುಂಡಿಯ ಬಗೆ ಎಂಬ ನಾಲ್ಕನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಬರೆದು ಹಿರಿಯರ ಕೈಗೆ ಕೊಡಿ. ಬೆಲೆ ಕೇಳುವುದು ಆಮೇಲೆ.